ಮೂರೂಕಾಲರ ಬಸ್ಸು

ಸೆಪ್ಟೆಂಬರ್ 10, ಭಾನುವಾರ, ಸಂಜೆ

ಬೆಳಿಗ್ಗೆ ಹತ್ತಕ್ಕೆ ಎಂದಿನಂತೆ ಪಂಚಾಯಿತಿ ಆಫೀಸಿನ ಮೈಕು. ಮೊದಲು ಬ್ಯಾಂಡಿನ ಹಾಡು, ಎರಡು ನಿಮಿಷ. ಆಮೇಲೆ ನಾನು. "ಮಾನ್ಯ ಊರ ಬಾಂಧವರೇ..." ಮಂಗಳವಾರ ಹಳೇ ಕಬ್ಬಿಣ ಒಯ್ಯುವವರು ಬರುತ್ತಾರೆ. ಕಂದು ನಾಯಿಯೊಂದು ಸಿಕ್ಕಿದೆ, ಆಫೀಸಿನ ಹಿತ್ತಲಲ್ಲಿದೆ, ಸಾಸೇಜ್ ಬಿಟ್ಟು ಬೇರೇನೂ ಮುಟ್ಟುತ್ತಿಲ್ಲ. ಮಧ್ಯಾಹ್ನ ನಾಲ್ಕಕ್ಕೆ ನಮ್ಮೂರು ಲೂಚ್ಕಾದ ಫುಟ್ಬಾಲ್ ಕ್ಲಬ್ಬಿನ ಪಂದ್ಯ, ಎಲ್ಲರೂ ಬನ್ನಿ. ಕಿಟಕಿ ತೆರೆದಿತ್ತು. ಕಂಬ ಕಂಬದ ಸ್ಪೀಕರಿನಿಂದ ನನ್ನ ದನಿ ನನಗೇ ವಾಪಸು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ, ಆ ದನಿ ಇನ್ನೂ ಇಷ್ಟವಾಗಿಲ್ಲ.

ಅಣ್ಣ ಬೊಹುಷ್ ಶುಕ್ರವಾರ ಆಸ್ಪತ್ರೆಯಿಂದ ಮನೆಗೆ ಬಂದ. ಸೊಂಟದ ಕೀಲು ಹೊಸದು, ಎರಡು ಊರುಗೋಲು. ಕ್ರಿಸ್‌ಮಸ್ ತನಕ ಹುಲ್ಲು, ಕೆಸರು, ಇಳಿಜಾರು ಬೇಡವೆಂದಿದ್ದಾರೆ ಡಾಕ್ಟರು. ಅಂದರೆ ಮೈದಾನ ಬೇಡ. ಅದನ್ನು ಕೇಳಿದಾಗ ಅವನ ಮುಖ ನೋಡಬೇಕಿತ್ತು — ಸೊಂಟ ಕೊಯ್ದಾಗಲೂ ಹಾಗಾಗಿರಲಿಲ್ಲ.

ಮೂವತ್ತೊಂದು ವರ್ಷದಿಂದ ಕ್ಲಬ್ಬಿನ ಅಧ್ಯಕ್ಷ. ಸುಣ್ಣದ ಗೆರೆ ಎಳೆಯುವವನೂ ಅವನೇ, ಸಾಸೇಜಿಗೆ ಕೆಂಡ ಮಾಡುವವನೂ ಅವನೇ. ಹಾಫ್ ಟೈಮ್ ಮುಗಿಯಿತೆಂದು ಬಿಯರ್ ಕೌಂಟರಿನಿಂದ ಜನರನ್ನು ಕರೆಯಲು ಅಪ್ಪನ ಕಂಚಿನ ಗಂಟೆ ಬಾರಿಸುವವನೂ ಅವನೇ. ಗೇಟಿನಲ್ಲಿ ನಿಂತು ತಲೆ ಎಣಿಸುವ ಕೆಲಸ ಈಗ ನನ್ನ ಪಾಲಿಗೆ. ಪಂದ್ಯದ ವರದಿಯನ್ನು ಕಂಪ್ಯೂಟರಿನಲ್ಲಿ ತುಂಬಿ ಜಿಲ್ಲಾ ಸಂಘಕ್ಕೆ ಕಳಿಸುವುದು ಮೊದಲಿನಿಂದಲೂ ನನ್ನದೇ. ಗೋಲು, ಹಳದಿ ಕಾರ್ಡು, ರೆಫರಿಯ ಹೆಸರು. ಕೊನೆಯ ಖಾನೆ — ಪ್ರೇಕ್ಷಕರು.

ಎಣಿಸಿದೆ. ಐವತ್ತೆರಡು. ಎರಡು ವರ್ಷದ ಹಿಂದೆ ಇದೇ ತಂಡ ಬಂದಾಗ ನೂರು ದಾಟಿತ್ತು.

ಪಂದ್ಯ ಮುಗಿಯುತ್ತಿದ್ದಂತೆ ಅಣ್ಣನ ಫೋನ್. ಗೆದ್ದೆವೋ ಸೋತೆವೋ ಎಂದು ಕೇಳಲಿಲ್ಲ.

"ಎಷ್ಟು ಜನ ಬಂದಿದ್ರೇ, ಯಾರ್ಕಾ?" ಯಾರ್ಮಿಲಾ ಅವನ ಬಾಯಲ್ಲಿ ಯಾವತ್ತೂ ಯಾರ್ಕಾ.

"ಎಂಬತ್ತು."

ಯಾಕೆ ಹಾಗಂದೆನೋ. ಬಾಯಿಗೆ ಬಂದೇಬಿಟ್ಟಿತು.

"ನೋಡ್ದ್ಯಾ! ನಾನಿಲ್ದೇ ಹೋದ್ರೂ ಎಂಬತ್ತು!" ನಕ್ಕರೆ ಸೊಂಟ ನೋಯುತ್ತದಂತೆ, ಆದರೂ ನಕ್ಕ.

ವರದಿಯಲ್ಲೂ ಎಂಬತ್ತೆಂದೇ ತುಂಬಿದೆ. ಎರಡು ಕಡೆ ಎರಡು ಸಂಖ್ಯೆ ಇದ್ದರೆ ಅವನಿಗೆ ಹೇಳಿದ್ದು ಯಾವುದೆಂದು ನಾಳೆ ಮರೆತುಹೋಗುತ್ತದೆ.

ಸೆಪ್ಟೆಂಬರ್ 17, ಭಾನುವಾರ

ಇವತ್ತು ಊರಲ್ಲಿ ಪಂದ್ಯವಿಲ್ಲ, ಹುಡುಗರು ಹೊರಗೆ ಆಡಲು ಹೋಗಿದ್ದಾರೆ. ಅಂಚೆ ಕಚೇರಿಯ ಬೆಟ್ಕಾ ಕಾರು ತಂದಳು. ಪಟ್ಟಣಕ್ಕೆ. ಐಸ್ ಹಾಕಿ.

ಇದನ್ನು ಇಲ್ಲಿ ಬಿಟ್ಟು ಇನ್ನೆಲ್ಲಿ ಬರೆಯಲಿ? ನನಗೆ ಐಸ್ ಹಾಕಿ ಇಷ್ಟ. ಫುಟ್ಬಾಲಿಗಿಂತ ಇಷ್ಟ. ಐವತ್ತೇಳು ವರ್ಷ ಆ ಮೈದಾನದ ಕಂಬಿಗೆ ಒರಗಿ ನಿಂತವಳು, ಹೋದ ಚಳಿಗಾಲದಲ್ಲಿ ಬೆಟ್ಕಾ ಒಂದು ಸಲ ಎಳೆದುಕೊಂಡು ಹೋದಳು, ಮುಗಿಯಿತು. ತಲೆಯ ಮೇಲೆ ಸೂರು. ಮಂಡಿಗೆ ಗಾಳಿ ಹೊಡೆಯುವುದಿಲ್ಲ. ಆ ಕಪ್ಪು ಬಿಲ್ಲೆ ಹಲಗೆಗೆ ಬಡಿದಾಗಿನ ಸದ್ದು ಎದೆಯೊಳಗೇ ಕೇಳಿಸುತ್ತದೆ. ಡೋಲು, ಹಾಡು, ಲೋಟದಲ್ಲಿ ಬಿಸಿ ಪಂಚ್. ನಾನೂ ಕೂಗುತ್ತೇನೆ. ಏನೇನು ಕೂಗುತ್ತೇನೆಂದು ಇಲ್ಲಿಯೂ ಬರೆಯಲಾರೆ. ಗಂಡ ಯೋಸೆಫ್ ತೀರಿಹೋದ ಮೇಲೆ ಭಾನುವಾರದ ಸಂಜೆಗಳು ತುಂಬಾ ಉದ್ದವಾಗಿದ್ದವು. ಈಗಿಲ್ಲ. ಅಲ್ಲಿ ಯಾರಿಗೂ ನಾನು ಬೊಹುಷನ ತಂಗಿಯಲ್ಲ.

ಅಣ್ಣ ಐಸ್ ಹಾಕಿಯನ್ನು ಕರೆಯುವುದು "ಫ್ರಿಜ್ಜಿನೊಳಗಿನ ಜಗಳ" ಎಂದು. ಊರ ಜನರನ್ನೆಲ್ಲ ಪಟ್ಟಣ ಎಳೆದುಕೊಂಡಿತೆಂದು ಅದರ ಮೇಲೆ ಅವನಿಗೆ ಹಲ್ಲು ಕಡಿಯುವಷ್ಟು ಸಿಟ್ಟು. ಹಳ್ಳದ ಪಕ್ಕದ ಜೌಗುನೆಲವನ್ನು ಅಪ್ಪ, ಊರಿನವರು ಸೇರಿ ಮೂರು ಬೇಸಿಗೆ ಗುದ್ದಲಿ ಹಿಡಿದು ಮೈದಾನ ಮಾಡಿದ್ದರು. ನಾವಿಬ್ಬರೂ ನೀರು ಹೊತ್ತಿದ್ದೆವು. ನನ್ನದೊಂದು ಹಾಲುಹಲ್ಲು ಆ ಮಣ್ಣಲ್ಲೇ ಇದೆ.

ನನ್ನ ಕೆಂಪು-ಬಿಳಿ ಹಾಕಿ ಸ್ಕಾರ್ಫು ಆಫೀಸಿನ ಡ್ರಾಯರಿನಲ್ಲಿದೆ, ಮರಣ ನೋಂದಣಿಯ ಫಾರಂಗಳ ಕೆಳಗೆ. ಅಲ್ಲಿ ಯಾರೂ ಸುಮ್ಮನೆ ಕೈ ಹಾಕುವುದಿಲ್ಲ.

ಸೆಪ್ಟೆಂಬರ್ 24, ಭಾನುವಾರ

ನಲವತ್ತನಾಲ್ಕು. ಅಣ್ಣನಿಗೆ ತೊಂಬತ್ತೈದು ಎಂದೆ.

ಮಂಚದ ಪಕ್ಕ ಕ್ಲಬ್ಬಿನ ದಪ್ಪ ಪುಸ್ತಕ ಇಟ್ಟುಕೊಂಡಿದ್ದಾನೆ. ಅಪ್ಪನ ಕಾಲದಿಂದಲೂ ಪ್ರತಿ ಪಂದ್ಯ ಅದರಲ್ಲಿ ಬರೆದಿದೆ. ನನ್ನೆದುರಿಗೇ ಶಾಯಿ ಪೆನ್ನಿನಲ್ಲಿ ಬರೆದ: 95. ಊದಿ ಒಣಗಿಸಿದ. ನೋಡುತ್ತ ನಿಂತಿದ್ದೆ.

ತಂಡದ ಕ್ಯಾಪ್ಟನ್ ಸ್ಲಾವೆಕ್‌ಗೂ, ಅಣ್ಣನನ್ನು ನೋಡಲು ಹೋಗುವ ಉಳಿದವರಿಗೂ ಹೇಳಿಟ್ಟಿದ್ದೇನೆ: ಜನ ಕಡಿಮೆ ಎಂಬ ಸುದ್ದಿ ಎತ್ತಬೇಡಿ, ಮನಸ್ಸಿಗೆ ನೋವಾಗಬಾರದೆಂದು ಡಾಕ್ಟರು ಹೇಳಿದ್ದಾರೆ. ಡಾಕ್ಟರು ಅಂಥದ್ದೇನೂ ಹೇಳಿಲ್ಲ. ಎಲ್ಲರೂ ಹೂಂ ಎಂದರು. ಪಂದ್ಯಕ್ಕೆ ಬರದವರು ಇನ್ನೂ ಬೇಗ ಹೂಂ ಎಂದರು.

ಸೆಪ್ಟೆಂಬರ್ 27, ಬುಧವಾರ

ಹಾಕಿ ಕ್ಲಬ್ಬಿನಿಂದ ರಾದೊವಾನ್ ಎಂಬಾತ ಆಫೀಸಿಗೆ ಬಂದಿದ್ದ. ಕ್ಲಬ್ಬಿನ ಜಾಕೆಟ್ಟು, ತುಂಬಾ ಮರ್ಯಾದಸ್ಥ. ಅಕ್ಟೋಬರದಿಂದ ತಮ್ಮ ಭಾನುವಾರದ ಪಂದ್ಯಗಳಿಗೆ ಹಳ್ಳಿಗಳಿಂದ ಬಸ್ಸು ಬಿಡುತ್ತಾರಂತೆ, ಪುಕ್ಕಟೆ. ಮೈಕಿನಲ್ಲಿ ಹೇಳಬೇಕಂತೆ. ಮೇಯರ್ ಲುಬೋಷ್ ಕೂತಲ್ಲಿಂದಲೇ "ಹೇಳೋಣ ಬಿಡಿ, ಜನಕ್ಕೆ ಒಳ್ಳೇದೇ ಅಲ್ವಾ" ಎಂದು ಫೋನಿಗೆ ತಿರುಗಿದ.

ರಾದೊವಾನ್ ನನ್ನ ಮೇಜಿನ ಹತ್ತಿರ ಬಂದು ಕೇಳಿದ: "ಪಂದ್ಯ ಐದೂವರೆಗೆ, ಮೇಡಂ. ಬಸ್ಸು ನಿಮ್ಮೂರಿಂದ ಮೂರೂಕಾಲಕ್ಕೆ ಬಿಡ್ಬಹುದು, ಇಲ್ಲಾ ನಾಲ್ಕೂವರೆಗೆ ಬಿಡ್ಬಹುದು. ನಮಗೆ ಎರಡೂ ಒಂದೇ. ನಿಮ್ಮೂರಿಗೆ ಯಾವ್ದು ಅನುಕೂಲ?"

"ಮೂರೂಕಾಲು" ಎಂದೆ.

ಬರೆದುಕೊಂಡು ಹೋದ. ಹಿಂದೆಯೇ ಲೆಕ್ಕ ಹಾಕಿದೆ. ಅಕ್ಟೋಬರದಿಂದ ಬೇಗ ಕತ್ತಲಾಗುತ್ತದೆ, ನಮ್ಮ ಪಂದ್ಯ ಎರಡೂವರೆಗೆ ಶುರು. ಹಾಫ್ ಟೈಮ್ ಮೂರೂಕಾಲಕ್ಕೆ. ಮುಗಿಯುವುದು ನಾಲ್ಕೂಕಾಲಕ್ಕೆ. ನಾಲ್ಕೂವರೆ ಎಂದಿದ್ದರೆ ಎರಡನ್ನೂ ನೋಡಬಹುದಿತ್ತು.

ತಲೆಗೆ ಹೊಳೆಯಲಿಲ್ಲ ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದ್ದೇನೆ. ಹೊಳೆದಿತ್ತು. ಬೇಗ ಹೋದರೆ ಆಟಗಾರರು ಮೈ ಕಾಯಿಸಿಕೊಳ್ಳುವುದನ್ನು ನೋಡಬಹುದು, ಗೋಲಿನ ಹಿಂದೆ ಜಾಗ ಸಿಗುತ್ತದೆ... ಅದು ಮೊದಲು ಹೊಳೆಯಿತು. ಅಣ್ಣ ಆಮೇಲೆ ಹೊಳೆದ.

ಅಕ್ಟೋಬರ್ 8, ಭಾನುವಾರ

ಬೆಳಿಗ್ಗೆ ಎರಡನ್ನೂ ಒಂದೇ ಉಸಿರಿಗೆ ಓದಿದೆ. ಎರಡೂವರೆಗೆ ಫುಟ್ಬಾಲ್. ಮೂರೂಕಾಲಕ್ಕೆ ಹಾಕಿ ಬಸ್ಸು, ಮೈದಾನದ ಗೇಟಿನ ಎದುರಿನಿಂದ.

ತಮಾಷೆ ನೋಡು, ಎರಡೂವರೆಗೆ ಅರವತ್ತೊಂದು ಜನ. ಬಸ್ಸಿಗೆ ಕಾಯುವವರು ಸುಮ್ಮನೆ ನಿಲ್ಲುವ ಬದಲು ಒಳಗೆ ಬಂದಿದ್ದರು. ಗಳಿಗೆಗೊಮ್ಮೆ ವಾಚು ನೋಡುತ್ತಿದ್ದರು. ರೆಫರಿ ಹಾಫ್ ಟೈಮ್ ಸೀಟಿ ಊದಿದ, ಅದಕ್ಕೆ ಉತ್ತರ ಕೊಟ್ಟ ಹಾಗೆ ಹೊರಗೆ ಬಸ್ಸಿನ ಹಾರನ್ನು. ಉಳಿದವರು ಇಪ್ಪತ್ತೆರಡು.

ನಾನೂ ಹತ್ತಿದೆ. ಫಲಿತಾಂಶವನ್ನು ಸ್ಲಾವೆಕ್ ಮೆಸೇಜ್ ಮಾಡಿದ. ಸೋತಿದ್ದೆವು.

ರಾತ್ರಿ ಊಟಕ್ಕೆ ಅಣ್ಣನಿಗೆ ಎಲೆಕೋಸಿನ ಸೂಪು ಒಯ್ದೆ.

"ಮೂರೂಕಾಲಕ್ಕೇ ಬಸ್ಸು ಬಿಡ್ಬೇಕಾ ಆ ಮುಂಡೇವು? ನಮ್ ಹಾಫ್ ಟೈಮೇ ಬೇಕಿತ್ತಾ? ಯಾರೇ ಇಟ್ಟಿದ್ದು ಆ ಟೈಮು?"

"ಅವರದೇ ಟೈಮು, ಅಣ್ಣ."

"ಎಷ್ಟು ಜನ ಹತ್ತಿದ್ರು?"

"ಏಳೆಂಟು ಹುಡುಗೀರು. ಅಷ್ಟೇ."

"ಹೋಗ್ಲಿ ಬಿಡು, ಅವು ಹಾಕಿಯವರ ಮುಖ ನೋಡೋಕ್ ಹೋಗೋದು. ನಮ್ಮಲ್ಲಿ?"

"ನೂರ ಹತ್ತು."

ಚಮಚ ಕೆಳಗಿಟ್ಟ. "ಆದ್ರೂ ಎರಡನೇ ಹಾಫಲ್ಲಿ ಸದ್ದೇ ಕೇಳ್ಸಲಿಲ್ವಲ್ಲೇ. ಗಂಟೆನೂ ಕೇಳ್ಸಲಿಲ್ಲ."

"ಗಾಳಿ ಆ ಕಡೆ ಇತ್ತು."

ಗಾಳಿಯ ಮೇಲೂ ಸುಳ್ಳು ಹೇಳಿದೆ. ಗಂಟೆ ಬಾರಿಸಿರಲಿಲ್ಲ. ಕರೆಯಲು ಯಾರಿದ್ದರು?

ಅಕ್ಟೋಬರ್ 14, ಶನಿವಾರ

ಪಕ್ಕದ ಬ್ರೆಝಿನಾ ಊರಿನ ಕ್ಲಬ್ ಅಧ್ಯಕ್ಷ ಓಟಾಕರ್ ಅಣ್ಣನ ಮನೆಗೆ ಬಂದಿದ್ದ, ಮನೆಯಲ್ಲೇ ಇಳಿಸಿದ ಪ್ಲಮ್ ಸಾರಾಯಿಯ ಬಾಟಲಿ ಹಿಡಿದು. ನಲವತ್ತು ವರ್ಷ ಎದುರಾಳಿಗಳು. ನಾನು ಗಸಗಸೆ ಕೇಕು ಕೊಯ್ಯುತ್ತಿದ್ದೆ.

ಓಟಾಕರ್ ಸುತ್ತಿ ಬಳಸಲಿಲ್ಲ. "ನೋಡು ಬೊಹುಷ್, ನಮ್ಮಲ್ಲಿ ಮೂವತ್ತು ಜನ ನೋಡೋಕೆ ಬಂದ್ರೆ ಹಬ್ಬ. ಆಡೋರೂ ಸಾಲ್ತಾ ಇಲ್ಲ. ವಸಂತದಿಂದ ಎರಡೂರೂ ಸೇರಿ ಒಂದೇ ತಂಡ ಮಾಡೋಣ. ಒಂದು ಪಂದ್ಯ ನಿಮ್ಮ ಮೈದಾನದಲ್ಲಿ, ಒಂದು ನಮ್ಮದ್ರಲ್ಲಿ. ಹೆಸರೂ ನಿಮ್ಮೂರಿಂದೇ ಮೊದಲು ಬರ್ಲಿ."

ಅಣ್ಣ ಪುಸ್ತಕ ತೆಗೆದ. ಪುಟ ತಿರುಗಿಸಿ ಅವನ ಮೂಗಿನ ಕೆಳಗೆ ಹಿಡಿದ. "ಓದು. ಎಂಬತ್ತು. ತೊಂಬತ್ತೈದು. ನೂರ ಹತ್ತು. ಏರ್ತಾ ಇದೆ ಕಣಯ್ಯಾ! ಊರಿಗೆ ಊರೇ ಬರ್ತಾ ಇರುವಾಗ ನಿನ್ನ ಜೊತೆ ಯಾಕಯ್ಯಾ ಕೂಡಾವಳಿ? ನಿಮ್ಮ ಹುಡುಗರು ಆಡ್ಬೇಕು ಅಂದ್ರೆ ಕಳ್ಸು, ಜಾಗ ಇದ್ರೆ ನೋಡ್ತೀನಿ."

ಓಟಾಕರ್ ಸಿಟ್ಟಾಗಲಿಲ್ಲ. ಕತ್ತು ತಿರುಗಿಸಿ ನನ್ನನ್ನು ನೋಡಿದ. ಹೋದ ಭಾನುವಾರ ಅವನು ನಮ್ಮ ಗೇಟಿನಲ್ಲಿ ನಿಂತಿದ್ದ, ಬಸ್ಸು ಹೋದದ್ದನ್ನೂ ನೋಡಿದ್ದ. ಕಾಯುತ್ತಿದ್ದ. ನಾನೊಂದು ಮಾತಾಡಲಿ ಎಂದು ಕಾಯುತ್ತಿದ್ದ. ಒಂದೇ ಮಾತು ಸಾಕಿತ್ತು.

"ಇನ್ನೊಂದು ತುಂಡು ಕೇಕು ಹಾಕ್ಲಾ?" ಎಂದೆ.

"ಬೇಡಮ್ಮಾ" ಎಂದು ಎದ್ದ. ಬಾಗಿಲಲ್ಲಿ ಕೋಟು ಹಾಕಿಕೊಳ್ಳುತ್ತ ಮೆಲ್ಲಗೆ, "ತಿಂಗಳ ಕೊನೆ ತನಕ ಟೈಮಿದೆ. ಆಮೇಲೆ ನಾವು ಬೇರೆ ಕಡೆ ನೋಡ್ಕೋಬೇಕಾಗುತ್ತೆ."

ಅಣ್ಣ ಇಡೀ ಮಧ್ಯಾಹ್ನ ಶಿಳ್ಳೆ ಹಾಕುತ್ತಿದ್ದ.

ಅಕ್ಟೋಬರ್ 22, ಭಾನುವಾರ

ಹಾಫ್ ಟೈಮಿಗೆ ಮೊದಲು ನಲವತ್ತೊಂಬತ್ತು, ಆಮೇಲೆ ಹದಿನೇಳು. ನೂರ ಹದಿನೆಂಟು ಎಂದೆ. ಬಸ್ಸಿನಲ್ಲಿ ಕೂತು ಫೋನಿನಲ್ಲೇ ಹೇಳಿದೆ, ಬೆಟ್ಕಾಗೆ ಬಾಯಿ ಮುಚ್ಚೆಂದು ಸನ್ನೆ ಮಾಡುತ್ತ.

ಅಕ್ಟೋಬರ್ 23, ಸೋಮವಾರ

ರಾದೊವಾನ್ ಫೋನ್ ಮಾಡಿದ್ದ. "ಬಸ್ಸಿನ ಟೈಮು ಎಲ್ರಿಗೂ ಒಪ್ಪಿಗೇನಾ ಮೇಡಂ? ನಿಮ್ಮೂರಲ್ಲಿ ಫುಟ್ಬಾಲೂ ಇದೆ ಅಂತ ಡ್ರೈವರ್ ಹೇಳ್ದ. ಬೇಕಿದ್ರೆ ತಡ ಮಾಡ್ಬಹುದು."

ಬಾಗಿಲು ತಾನಾಗಿಯೇ ತೆರೆದಿತ್ತು. ಒಳಗೆ ಕಾಲಿಟ್ಟರೆ ಸಾಕಿತ್ತು. ಆದರೆ ಈಗ ಬದಲಿಸಿದರೆ ಮೈಕಿನಲ್ಲಿ ಹೇಳಬೇಕು. ಅಣ್ಣ ಕೇಳುತ್ತಾನೆ, ಯಾರು ಬದಲಿಸಿದ್ದು ಎನ್ನುತ್ತಾನೆ, ಮೊದಲು ಇಟ್ಟದ್ದು ಯಾರು ಎನ್ನುತ್ತಾನೆ...

"ಎಲ್ಲಾ ಸರಿ ಇದೆ" ಎಂದೆ.

ಅಕ್ಟೋಬರ್ 30, ಸೋಮವಾರ

ಸ್ಲಾವೆಕ್ ಆಫೀಸಿಗೆ ಬಂದ. ಕೂರಲಿಲ್ಲ.

"ಬ್ರೆಝಿನಾದವ್ರು ಆಚೆ ಊರಿನವರ ಜೊತೆ ಸೇರ್ಕೊಂಡ್ರು. ನಿನ್ನೆ ಸಹಿ ಆಯ್ತಂತೆ. ನಮ್ಮೋರು ನಾಲ್ಕು ಜನ ವಸಂತಕ್ಕೆ ಅಲ್ಲಿಗೇ ಹೋಗ್ತಾರೆ. ಉಳಿದದ್ದು ಒಂಬತ್ತು ಜನ, ಯಾರ್ಮಿಲಾಕ್ಕ. ಒಂಬತ್ತು ಜನಕ್ಕೆ ತಂಡ ಹೆಂಗಾಗುತ್ತೆ?"

ಮುಂದಿದ್ದ ಫಾರಂಗಳನ್ನು ಜೋಡಿಸಿಟ್ಟೆ.

"ನಿಜ ಗೊತ್ತಿದ್ರೆ ಬೊಹುಷಣ್ಣ ಆವತ್ತೇ ಹೂಂ ಅಂತಿದ್ರು. ಜಂಬ ಇದೆ ಅವರಿಗೆ, ಆದ್ರೆ ದಡ್ಡರಲ್ಲ. ನೀವು ಹೇಳಿದ್ರಿ ಅಂತ ನಾವೆಲ್ಲಾ ಬಾಯ್ಮುಚ್ಕೊಂಡ್ವಿ." ಬಾಗಿಲತ್ತ ತಿರುಗಿದವನು ನಿಂತು, "ಡಾಕ್ಟ್ರು ನಿಜ್ವಾಗ್ಲೂ ಹಾಗೆ ಹೇಳಿದ್ರಾ?"

ಫೋನು ಬಂದ ಹಾಗೆ ನಟಿಸಿದೆ. ಫೋನು ರಿಂಗೇ ಆಗಿರಲಿಲ್ಲ. ಅವನು ನೋಡಿದ, ಹೋದ.

ಅಣ್ಣನಿಗೆ ಸಂತೋಷವಾಗಲಿ ಎಂದಷ್ಟೇ ಸಂಖ್ಯೆ ಏರಿಸಿದೆ. ಹಾಗೆಂದುಕೊಂಡಿದ್ದೆ. ಅದೂ ಪೂರ್ತಿ ನಿಜವಲ್ಲ. ಐವತ್ತೆರಡು ಎಂದಿದ್ದರೆ "ಉಳಿದೋರು ಎಲ್ಲಿಗೆ ಹೋದ್ರು?" ಎನ್ನುತ್ತಿದ್ದ. ಉಳಿದವರಲ್ಲಿ ನಾನೂ ಒಬ್ಬಳು.

ನವೆಂಬರ್ 2, ಗುರುವಾರ

ಸತ್ತವರ ದಿನ. ಅಣ್ಣನನ್ನು ಬೆಟ್ಕಾಳ ಕಾರಿನಲ್ಲಿ ಸ್ಮಶಾನದ ಬಾಗಿಲಿನವರೆಗೆ ಕರೆದೊಯ್ದೆವು, ಅಲ್ಲಿಂದ ಕಲ್ಲುಹಾಸಿನ ಮೇಲೆ ಊರುಗೋಲು. ಸೇವಂತಿಗೆ ನಾನು ಹಿಡಿದಿದ್ದೆ. ಅಪ್ಪ-ಅಮ್ಮನ ಕಲ್ಲು ಒರೆಸಿ, ಎಲೆ ಗುಡಿಸಿ, ಕೆಂಪು ಗಾಜಿನೊಳಗೆ ಮೇಣದ ದೀಪ ಹಚ್ಚಿದೆ.

ಅಣ್ಣ ಟೋಪಿ ತೆಗೆದ. ಪ್ರಾರ್ಥನೆ ಮಾಡುತ್ತಾನೆಂದುಕೊಂಡಿದ್ದೆ.

"ಅಪ್ಪಾ, ಹೋದ ಪಂದ್ಯಕ್ಕೆ ನೂರ ಹದಿನೆಂಟು ಜನ. ಬ್ರೆಝಿನಾದವ್ನು ಸೇರ್ಕೋತೀನಿ ಅಂತ ಬಂದಿದ್ದ, ಬಾಗಿಲು ತೋರಿಸ್ದೆ."

ಬೆಂಕಿಕಡ್ಡಿ ಬೆರಳಿನ ತನಕ ಉರಿಯಿತು. ಚರ್ಮ ಸುಟ್ಟಿದೆ. ಒಳ್ಳೆಯದೇ ಆಯಿತು ಎನಿಸಿತು.

ಬ್ರೆಝಿನಾ ಬೇರೆಯವರ ಜೊತೆ ಸೇರಿದ್ದು ಅವನಿಗಿನ್ನೂ ಗೊತ್ತಿಲ್ಲ. ಇವತ್ತು ಹೇಳಬೇಕಿತ್ತು. ಅಪ್ಪನ ಎದುರಿಗೆ ಆಗಲಿಲ್ಲ. ಕಾರಿನಲ್ಲೂ ಆಗಲಿಲ್ಲ.

ನವೆಂಬರ್ 5, ಭಾನುವಾರ, ಮಧ್ಯಾಹ್ನ 1

ಈ ಋತುವಿನಲ್ಲಿ ಊರಿನ ಕೊನೆಯ ಪಂದ್ಯ. ಪಟ್ಟಣದಲ್ಲಿ ಬದ್ಧವೈರಿಗಳ ಜೊತೆ ಹಾಕಿ. ಬೆಟ್ಕಾ ಮೂರು ಸಲ ಫೋನ್ ಮಾಡಿದಳು.

ನಾನು ಹೋಗುವುದಿಲ್ಲ. ಬರೆದಿಡುತ್ತಿದ್ದೇನೆ. ಕೊನೆಯ ಸೀಟಿಯವರೆಗೆ ಕಂಬಿಗೆ ಒರಗಿ ನಿಲ್ಲುತ್ತೇನೆ. ಆಮೇಲೆ ಸೀದಾ ಅಣ್ಣನ ಮನೆಗೆ, ಎಲ್ಲ ಹೇಳುತ್ತೇನೆ.

ಚಳಿ ಇದೆ. ಸ್ಕಾರ್ಫು ಕೋಟಿನೊಳಗೆ ಹಾಕಿಕೊಂಡಿದ್ದೇನೆ, ಬೆಚ್ಚಗಿರಲಿ ಎಂದು ಮಾತ್ರ.

ಅದೇ ದಿನ, ರಾತ್ರಿ 9

ಹೋದೆ.

ಮೂವತ್ತೆಂಟು ಜನ ಬಂದಿದ್ದರು. ಹಾಫ್ ಟೈಮ್ ಸೀಟಿ, ಬಸ್ಸಿನ ಹಾರನ್ನು, ಬೆಟ್ಕಾ ಬಾಗಿಲಲ್ಲಿ ನಿಂತು "ಬಾರೇ, ಗೋಲಿನ ಹಿಂದಿನ ಜಾಗ ಹೋಗ್ಬಿಡುತ್ತೆ!" ಕಾಲು ತಾನೇ ನಡೆಯಿತು. ಹಾಗೆ ಬರೆದರೆ ಕಾಲಿನ ಮೇಲೆ ತಪ್ಪು ಹಾಕಿದಂತೆ. ನಾನು ನಡೆದೆ. ಬಸ್ಸಿನೊಳಗೆ ಸೆಖೆ, ಕೋಟಿನ ಗುಂಡಿ ಬಿಚ್ಚಿದೆ, ಸ್ಕಾರ್ಫು ಹೊರಗೆ ಬಂತು. ನಾನು ಕೂತದ್ದು ಮೂರನೇ ಕಿಟಕಿ.

ಬಸ್ಸು ತಿರುಗಿ ನಿಂತುಬಿಟ್ಟಿತು. ದಾರಿಯ ನಡುವೆ ಯಾರೋ ಇದ್ದರು.

ಅಣ್ಣ. ಎರಡು ಊರುಗೋಲು, ಭಾನುವಾರದ ಕೋಟು, ಕ್ಲಬ್ಬಿನ ಟೋಪಿ. ಸ್ಲಾವೆಕನ ಹೆಂಡತಿಯ ಹತ್ತಿರ ಗೋಗರೆದು ಕಾರಿನಲ್ಲಿ ಬಂದಿದ್ದನಂತೆ. ಕೊನೆಯ ಪಂದ್ಯ, ಹಾಫ್ ಟೈಮ್ ಗಂಟೆ ತಾನೇ ಬಾರಿಸಬೇಕು, ಎಲ್ಲರಿಗೂ ಆಶ್ಚರ್ಯವಾಗಬೇಕು ಎಂದು.

ಮೊದಲು ಅವನಿಗೆ ಅರ್ಥವಾಗಲಿಲ್ಲ. ಬಸ್ಸಿನತ್ತ ಓಡುತ್ತಿದ್ದವನೊಬ್ಬನನ್ನು ಕೇಳಿದ: "ಏನಾಯ್ತೋ, ಪಂದ್ಯ ನಿಂತೋಯ್ತಾ?" ಅವನು ತಲೆ ತಗ್ಗಿಸಿ ಹತ್ತಿದ. ಅಣ್ಣ ಗೇಟಿನಾಚೆ ನೋಡಿದ, ಖಾಲಿ ಕಂಬಿ. ಬಸ್ಸನ್ನು ನೋಡಿದ, ಬೇರೆ ಹಳ್ಳಿಯವರೂ ಸೇರಿ ನಿಲ್ಲಲೂ ಜಾಗವಿಲ್ಲ. ಆಮೇಲೆ ಗೇಟಿಗೆ ಹೋಗಿ ಒಂದು ಊರುಗೋಲನ್ನು ಕಂಬಕ್ಕೆ ಒರಗಿಸಿ ಗಂಟೆಯ ಹಗ್ಗ ಹಿಡಿದ. ಬಾರಿಸಿದ. ಹಾಫ್ ಟೈಮ್ ಮುಗಿಯಲು ಇನ್ನೂ ಹತ್ತು ನಿಮಿಷವಿತ್ತು. ಆದರೂ ಬಾರಿಸಿದ. ಬಾರಿಸುತ್ತ ಕಿಟಕಿ ಕಿಟಕಿಯನ್ನೂ ನೋಡುತ್ತ ಬಂದ. ಗಂಟೆ ಕೇಳಿದರೆ ಜನ ಬಂದೇ ಬರುತ್ತಾರೆ ಎನ್ನುವವನ ಹಾಗೆ. ಮೂವತ್ತೊಂದು ವರ್ಷ ಬಂದಿದ್ದರಲ್ಲ.

ಯಾರೂ ಇಳಿಯಲಿಲ್ಲ.

ಮೂರನೇ ಕಿಟಕಿಗೆ ಅವನ ಕಣ್ಣು ಬಂತು. ಗಂಟೆ ನಿಂತಿತು.

ನಾನು ಬಗ್ಗಿದೆ. ಬೂಟಿನ ಲೇಸು ಕಟ್ಟುವವಳ ಹಾಗೆ. ನನ್ನ ಬೂಟಿಗೆ ಲೇಸೇ ಇಲ್ಲ, ಜಿಪ್ಪು.

ಬಸ್ಸು ಹೊರಟಿತು. ನಿಲ್ಲಿಸಿ ಎನ್ನಬಹುದಿತ್ತು. ಎನ್ನಲಿಲ್ಲ. ಇನ್ನೂ ಕೆಟ್ಟದ್ದನ್ನು ಬರೆದುಬಿಡುತ್ತೇನೆ: ನಾಲ್ಕನೇ ಗೋಲಿಗೆ ನಾನು ಎದ್ದು ನಿಂತು ಕೂಗಿದೆ. ಮನಸಾರೆ ಕೂಗಿದೆ. ಕೂಗಿದ ಮೇಲೆ ನೆನಪಾಯಿತು.

ಎಂಟೂವರೆಗೆ ಮನೆಗೆ ಬಂದೆ. ವರದಿ ಇನ್ನೂ ಕಳಿಸಿರಲಿಲ್ಲ. ಫೋನು.

"ಹದಿಮೂರು" ಎಂದ. "ನಾನೂ ಸೇರಿ. ಬರ್ಕೋ."

"ಅಣ್ಣ..."

ಇಟ್ಟುಬಿಟ್ಟ. ಖಾನೆಯಲ್ಲಿ 13 ಎಂದು ಒತ್ತಿದೆ.

ನವೆಂಬರ್ 7, ಮಂಗಳವಾರ

ಅಣ್ಣ ಬಾಗಿಲು ತೆಗೆಯುತ್ತಿಲ್ಲ. ಬ್ರೆಝಿನಾದ ಸುದ್ದಿ, ಹುಡುಗರು ಬಿಟ್ಟು ಹೋಗುವ ಸುದ್ದಿ ಎಲ್ಲವನ್ನೂ ಸ್ಲಾವೆಕ್ ಫೋನಿನಲ್ಲಿ ಹೇಳಿದನಂತೆ. ನಿನ್ನೆ ಮೆಟ್ಟಿಲ ಮೇಲೆ ಸೂಪು ಇಟ್ಟು ಬಂದಿದ್ದೆ. ಇವತ್ತು ಪಾತ್ರೆ ಅಲ್ಲೇ ಇತ್ತು, ತೊಳೆದು ಬೋರಲು ಹಾಕಿತ್ತು. ತಿಂದಿದ್ದಾನೆ. ಅಷ್ಟಾದರೂ ಆಯಿತು.

ನವೆಂಬರ್ 10, ಶುಕ್ರವಾರ

ತಾನೇ ಬಂದ. ಆಫೀಸಿನ ನಾಲ್ಕು ಮೆಟ್ಟಿಲನ್ನು ಒಂದೊಂದಾಗಿ ಹತ್ತುವ ಊರುಗೋಲಿನ ಸದ್ದು ಕೇಳುತ್ತ ಕೂತಿದ್ದೆ. ಎದ್ದು ಕೈ ಹಿಡಿಯಲು ಧೈರ್ಯವಾಗಲಿಲ್ಲ.

ಎದುರಿಗೆ ಕೂತು, ಮಡಿಸಿದ ಕಾಗದವೊಂದನ್ನು ಮೇಜಿನ ಮೇಲಿಟ್ಟ. "ಭಾನುವಾರ ಮೈಕಲ್ಲಿ ಓದ್ಬೇಕು. ಇದ್ದಿದ್ದು ಇದ್ದ ಹಾಗೆ ಓದು."

ಶಾಯಿ ಪೆನ್ನಿನ ಅಕ್ಷರ. ಹದಿನೆಂಟನೇ ತಾರೀಖು ಸಂಜೆ ಐದಕ್ಕೆ ಕ್ಲಬ್ಬಿನ ಸದಸ್ಯರ ಸಭೆ, ವಿಷಯ: ಕ್ಲಬ್ಬನ್ನು ಮುಚ್ಚುವುದು. ಅದರ ಕೆಳಗೆ: "ಈ ಋತುವಿನಲ್ಲಿ ಪ್ರೇಕ್ಷಕರ ಸಂಖ್ಯೆಯನ್ನು ಹೆಚ್ಚಿಸಿ ತೋರಿಸಲಾಗಿದೆ. ಅದನ್ನು ನಂಬಿ ಬ್ರೆಝಿನಾದವರನ್ನು ಅವಮಾನಿಸಿ ಕಳಿಸಿದೆ. ಈ ತಪ್ಪು ಅಧ್ಯಕ್ಷನಾದ ನನ್ನೊಬ್ಬನದೇ. ಊರಿನವರ ಕ್ಷಮೆ ಕೇಳುತ್ತೇನೆ. ಬೊಹುಷ್."

"ಅಣ್ಣ, ಸಂಖ್ಯೆ ಹಾಕಿದ್ದು ನಾನು."

"ವರದಿ ಕೆಳಗೆ ಯಾರ ಹೆಸರಿದೆ? ಅಧ್ಯಕ್ಷಂದು. ನಿಂದು ಎಲ್ಲೂ ಇಲ್ಲ."

"ಬಸ್ಸಲ್ಲಿ..."

"ಚಳಿ ಇತ್ತು. ನೀನು ಸ್ಕಾರ್ಫ್ ಹಾಕ್ಕೊಂಡಿದ್ದೆ. ಯಾರಿಗೆ ಏನು ಇಷ್ಟಾನೋ ಅದನ್ನ ನೋಡ್ತಾರೆ, ಅದಕ್ಕೆ ಕ್ಷಮೆ ಕೇಳ್ಬೇಕಾ?" ಕಿಟಕಿಯ ಕಡೆ ನೋಡುತ್ತ ಹೇಳಿದ. "ನಿನ್ನ ಮೇಲೆ ಸಿಟ್ಟಿದೆ. ಇಲ್ಲ ಅನ್ನಲ್ಲ. ಸುಳ್ಳು ಹೇಳಿದ್ಯಲ್ಲ, ಅದೂ ನಾನು ಅಪ್ಪನ ಮುಂದೆ ನಿಂತು ಒದರೋ ತನಕ. ಆದ್ರೆ ನನಗೆ ಬೇಕಾಗಿದ್ದನ್ನೇ ನೀನು ಹೇಳ್ದೆ ಕಣೇ. ಎರಡನೇ ಹಾಫಲ್ಲಿ ಸದ್ದಿಲ್ಲ ಅಂತ ನನ್ನ ಕಿವಿಗೆ ಗೊತ್ತಿತ್ತು. ಗಾಳಿ ಅಂದೆ ನೀನು, ಹೂಂ ಅಂದೆ ನಾನು."

ಅಳು ಬಂತು. ಅಳಲಿಲ್ಲ, ಅಳಲು ನನಗೇನು ಹಕ್ಕು.

ಏಳುವಾಗ ಊರುಗೋಲು ಸಿಕ್ಕಿಸಿಕೊಳ್ಳುತ್ತ ಹೇಳಿದ: "ಒಂದೇ ಬೇಜಾರು, ಯಾರ್ಕಾ. ಆ ಬಸ್ಸು. ಒಂದು ಗಂಟೆ ತಡವಾಗಿ ಬಂದಿದ್ರೆ ಜನ ಎರಡನ್ನೂ ನೋಡ್ತಿದ್ರು. ಅರವತ್ತು ಜನ ಕೊನೆ ತನಕ ನಿಂತಿದ್ರೆ ಹುಡುಗರಿಗೂ ಬಿಟ್ಟು ಹೋಗೋಕೆ ಮನಸ್ಸು ಬರ್ತಿರಲಿಲ್ಲ. ಆದ್ರೆ ಪಟ್ಟಣದವ್ರಿಗೆ ನಮ್ ಹಾಫ್ ಟೈಮ್ ಎಲ್ಲಿ ಗೊತ್ತು? ಅವರನ್ನ ಬೈದು ಏನು ಪ್ರಯೋಜನ."

ಈಗ ಹೇಳು, ಈಗ ಹೇಳು ಎಂದು ಒಳಗಿನಿಂದ ಗುದ್ದುತ್ತಿತ್ತು. ಅವನು ನಾಲ್ಕೂ ಮೆಟ್ಟಿಲು ಇಳಿಯುವ ತನಕ ಗುದ್ದುತ್ತಿತ್ತು.

ನವೆಂಬರ್ 12, ಭಾನುವಾರ, ಬೆಳಿಗ್ಗೆ 9.50

ಆಫೀಸು. ಎರಡು ಕಾಗದ ಮುಂದಿವೆ. ಒಂದು ಅಣ್ಣನದು. ಇನ್ನೊಂದು ರಾದೊವಾನ್ ಕಳಿಸಿದ್ದು — ಇವತ್ತೂ ಹಾಕಿ ಬಸ್ಸು, ಮೂರೂಕಾಲಕ್ಕೆ. ಇನ್ನು ಯಾವ ಪಂದ್ಯಕ್ಕೂ ಅದು ಅಡ್ಡಿಯಲ್ಲ.

ನಿನ್ನೆಯಿಂದ ಅಣ್ಣನ ಕಾಗದವನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದೇನೆ. "ಈ ತಪ್ಪು ನನ್ನೊಬ್ಬನದೇ" — ಅಲ್ಲಿಗೆ ಬಂದಾಗಲೆಲ್ಲ ದನಿ ನಿಂತುಬಿಡುತ್ತದೆ. ಅವನ ಕ್ಷಮೆಯನ್ನು ನನ್ನ ಬಾಯಲ್ಲಿ ಊರಿಗೆಲ್ಲ ಹೇಗೆ ಕೇಳಿಸಲಿ? ಅವನೂ ಕೇಳುತ್ತಿರುತ್ತಾನೆ. ಸ್ಪೀಕರಿನ ಕಂಬ ಅವನ ಮನೆಯ ಕಿಟಕಿಯಿಂದ ಐದು ಮಾರು.

ಅವನ ಮನೆಗೆ ಹೋಗಿ ಮೊದಲು ಹೇಳಬೇಕಿತ್ತು. ನಿನ್ನೆ ಬಾಗಿಲ ತನಕ ಹೋಗಿದ್ದೆ. ಒಳಗೆ ಪುಸ್ತಕ ತೆರೆದು ಕೂತಿದ್ದ, ಕನ್ನಡಕ ಹಾಕಿಕೊಂಡು ನನ್ನ ಸಂಖ್ಯೆಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಿದ್ದ. ಹಿಂತಿರುಗಿಬಿಟ್ಟೆ.

ಮುಖ ನೋಡಿ ಹೇಳಲಾರೆ. ಈ ಮೈಕಿಗೆ ಮುಖವಿಲ್ಲ.

9.58

ಗುಂಡಿ ಒತ್ತಿದೆ. ಬ್ಯಾಂಡಿನ ಹಾಡು ಶುರುವಾಯಿತು. ಎರಡು ನಿಮಿಷ.

ಸ್ಕಾರ್ಫನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಯಾರು ಬಂದರೂ ನೋಡಲಿ. ಅಣ್ಣನ ಕಾಗದದಲ್ಲಿ ಸಭೆಯ ತಾರೀಖು ಮಾತ್ರ ಓದುತ್ತೇನೆ. ಅದರ ಕೆಳಗಿನದನ್ನು ಓದುವುದಿಲ್ಲ. ಅದರ ಬದಲು ಓದಬೇಕಾದ್ದನ್ನು ಇಲ್ಲೇ ಬರೆದುಕೊಳ್ಳುತ್ತೇನೆ, ಇಲ್ಲದಿದ್ದರೆ ನಾಲಿಗೆ ಮತ್ತೆ ಬೇರೇನನ್ನೋ ಹೇಳಿಬಿಡುತ್ತದೆ.

ಡೋಲು ಬಂತು. ಇನ್ನು ಕಹಳೆ, ಆಮೇಲೆ ನಾನು.

ಮಾನ್ಯ ಊರ ಬಾಂಧವರೇ. ಅಣ್ಣಾ, ನೀನೂ ಕೇಳು. ಪಟ್ಟಣದವರು ನನ್ನ ಹತ್ತಿರ ಬಂದು ಮೂರೂಕಾಲೋ ನಾಲ್ಕೂವರೆಯೋ ಎಂದು ಕೇಳಿದ್ದರು. ನಾನು...